ಮಗು ವಿಶ್ವವಿದ್ಯಾಲಯಕ್ಕೆ ಬಂದ ಬಗೆ

ಭಾರತದ ಹಲವು ಕೃಷಿ ವಿಶ್ವವಿದ್ಯಾಲಯಗಳಲ್ಲೂ ಗೃಹವಿಜ್ಞಾನ ಕಾಲೇಜುಗಳಲ್ಲೂ ಇಂದು ‘ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ’ ಎಂಬ ಸ್ನಾತಕೋತ್ತರ ವಿಭಾಗವಿದೆ. ಅಲ್ಲಿ ಓದುವ ವಿದ್ಯಾರ್ಥಿನಿ ಗರ್ಭಸ್ಥ ಶಿಶುವಿನ ನರಮಂಡಲ, ಅನುವಂಶೀಯತೆ, ಪೋಷಣೆ ಮೊದಲಾದ ಜೀವವಿಜ್ಞಾನದ ವಿಷಯಗಳ ಜೊತೆಗೆ ತಾಯ್ತಂದೆಯರ ನಡವಳಿಕೆ, ಮನೆಯ ಆದಾಯ, ಅಜ್ಜಿಯ ಆಸರೆ, ದಾಂಪತ್ಯದ ಏರುಪೇರುಗಳನ್ನೂ ಅಭ್ಯಾಸ ಮಾಡುತ್ತಾಳೆ. ಈ ಎರಡೂ ಒಂದೇ ಪಠ್ಯಕ್ರಮದಲ್ಲಿ ಸೇರಿರುವುದು ಈಗ ಸಹಜವಾಗಿಯೇ ಕಾಣುತ್ತದೆ. ಆದರೆ 19ನೆಯ ಶತಮಾನದ ಕೊನೆಯವರೆಗೂ ಇವು ಒಂದರ ಮುಖ ಒಂದು ಕಾಣದ ಲೋಕಗಳಾಗಿದ್ದವು. ಮೊದಲನೆಯದು ಪ್ರಯೋಗಾಲಯದ ಗಂಡಸರಿಗೆ ಸೇರಿದ್ದರೆ ಎರಡನೆಯದು ಅಡುಗೆಮನೆಯ ಹೆಂಗಸರಿಗೆ ಸೇರಿತ್ತು. ಇವೆರಡೂ ಕೂಡಿದ್ದು ಒಮ್ಮೆಲೇ ಆಗಲಿಲ್ಲ, ವಿದ್ವಾಂಸರ ಇಚ್ಛೆಯಿಂದಲೂ ಆಗಲಿಲ್ಲ. ಮಗುವನ್ನು ಅಳೆಯಲು ಹೊರಟ ವಿಜ್ಞಾನವು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಅಳತೆ ನಿಲ್ಲುವುದಿಲ್ಲವೆಂದು ಸಾಕಷ್ಟು ತಡವಾಗಿ, ಸಾಕಷ್ಟು ಜಗಳವಾಡಿ ಒಪ್ಪಿಕೊಂಡದ್ದೇ ಈ ಶಾಸ್ತ್ರದ ಚರಿತ್ರೆಯ ತಿರುಳು.

ಮಗುವಿನ ಬೆಳವಣಿಗೆಯನ್ನು ವಿಜ್ಞಾನದ ವಸ್ತುವಾಗಿ ನೋಡಿದವರಲ್ಲಿ ಮೊದಲಿಗರು ಜೀವವಿಜ್ಞಾನಿಗಳೇ. ಚಾರ್ಲ್ಸ್ ಡಾರ್ವಿನ್ 1839ರ ಡಿಸೆಂಬರಿನಲ್ಲಿ ಹುಟ್ಟಿದ ತನ್ನ ಮೊದಲ ಮಗನ ಸೀನು, ಅಳು, ಕೋಪ, ಭಯ, ನಾಚಿಕೆಗಳನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದು, ಆ ಟಿಪ್ಪಣಿಗಳನ್ನು 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಜರ್ಮನಿಯ ಯೇನಾದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲ್ಹೆಲ್ಮ್ ಪ್ರೇಯರ್ ಇನ್ನೂ ಕಟ್ಟುನಿಟ್ಟಾದ ಕ್ರಮ ಹಿಡಿದು, ತನ್ನ ಮಗನನ್ನು ಮೂರು ವರ್ಷಗಳ ಕಾಲ ದಿನಕ್ಕೆ ಮೂರು ಬಾರಿಯಾದರೂ ಗಮನಿಸಿ, 1882ರಲ್ಲಿ ಮಗುವಿನ ಮನಸ್ಸಿನ ಕುರಿತು ಗ್ರಂಥವೊಂದನ್ನು ಹೊರತಂದನು. ಭ್ರೂಣ ಬೆಳೆಯುವ ಹಂತಗಳನ್ನು ಗುರುತಿಸುವ ಕ್ರಮದಲ್ಲೇ ಇಂದ್ರಿಯ, ಇಚ್ಛೆ, ಬುದ್ಧಿಗಳ ಹಂತಗಳನ್ನೂ ಗುರುತಿಸಬಹುದೆಂಬುದು ಅವನ ನಂಬಿಕೆ. ಈ ಇಬ್ಬರ ಬರಹಗಳಲ್ಲೂ ಮಗುವಿನ ವರ್ತನೆ ಕಾಣುವಷ್ಟು ಸ್ಪಷ್ಟವಾಗಿ ಆ ಮಗುವನ್ನು ಎತ್ತಿ ಆಡಿಸುತ್ತಿದ್ದ ತಾಯಿ, ದಾದಿ, ಒಡಹುಟ್ಟಿದವರು ಕಾಣುವುದಿಲ್ಲ.

ಖಾಸಗಿ ದಿನಚರಿಯಲ್ಲಿದ್ದ ಈ ಕುತೂಹಲವನ್ನು ಸ್ನಾತಕೋತ್ತರ ಅಧ್ಯಯನದ ಅಂಗಳಕ್ಕೆ ತಂದ ಶ್ರೇಯಸ್ಸು ಅಮೆರಿಕದ ಸ್ಟ್ಯಾನ್ಲಿ ಹಾಲ್‌ಗೆ ಸಲ್ಲಬೇಕು. ಪದವಿ ಪಡೆದವರಿಗಷ್ಟೇ ಪ್ರವೇಶವೆಂಬ ಉದ್ದೇಶದಿಂದ 1889ರಲ್ಲಿ ತೆರೆದ ಕ್ಲಾರ್ಕ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾಗಿದ್ದ ಹಾಲ್, ಮಕ್ಕಳ ಭಯ, ಆಟ, ಸುಳ್ಳು, ಗೊಂಬೆಗಳ ಬಗೆಗೆ ನೂರಾರು ಪ್ರಶ್ನೆಗಳ ಪಟ್ಟಿಗಳನ್ನು ಶಿಕ್ಷಕರಿಗೂ ತಾಯಂದಿರಿಗೂ ಕಳುಹಿಸಿ ಉತ್ತರಗಳನ್ನು ರಾಶಿ ಹಾಕಿದನು. ಮಾನವಕುಲ ನಡೆದುಬಂದ ವಿಕಾಸದ ಹಾದಿಯನ್ನೇ ಪ್ರತಿ ಮಗುವೂ ಮತ್ತೆ ನಡೆಯುತ್ತದೆ ಎಂಬ ಅವನ ಸಿದ್ಧಾಂತವನ್ನು ಇಂದು ಯಾರೂ ಒಪ್ಪುವುದಿಲ್ಲ. ಅವನ ಪ್ರಶ್ನಾವಳಿಗಳ ವಿಧಾನವೂ ಸಡಿಲವಾದದ್ದೇ. ಆದರೂ ಬುದ್ಧಿಪರೀಕ್ಷೆಗೆ ಹೆಸರಾದ ಲೂಯಿಸ್ ಟರ್ಮನ್, ಶಿಶುವಿನ ಚಲನೆಗಳ ವೇಳಾಪಟ್ಟಿಯನ್ನೇ ರಚಿಸಿದ ಆರ್ನಾಲ್ಡ್ ಗೆಸೆಲ್ ಇಬ್ಬರೂ ಅವನ ವಿಶ್ವವಿದ್ಯಾಲಯದಲ್ಲೇ ಡಾಕ್ಟರೇಟ್ ಪಡೆದವರು. ಮಗುವಿನ ಸಾಮರ್ಥ್ಯ ಬಹುಪಾಲು ಹುಟ್ಟಿನಿಂದಲೇ ಬಂದದ್ದು, ಅದು ತನ್ನ ಗಡಿಯಾರದಂತೆ ತಾನೇ ಬಿಚ್ಚಿಕೊಳ್ಳುತ್ತದೆ ಎಂಬ ದೃಢವಿಶ್ವಾಸ ಈ ಪರಂಪರೆಯಲ್ಲಿ ಬೇರೂರಿತ್ತು. ಮುಂದೆ ನಡೆದ ವಾಗ್ವಾದದ ಮೂಲ ಅಲ್ಲಿದೆ.

ಇನ್ನೊಂದು ಧಾರೆ ಹರಿದದ್ದು ಮನೆಯ ಕಡೆಯಿಂದ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ಮೊದಲ ಮಹಿಳೆಯಾದ ಎಲೆನ್ ಸ್ವಾಲೊ ರಿಚರ್ಡ್ಸ್, 1873ರಲ್ಲಿ ಪದವಿ ಪಡೆದು ನೀರು, ಗಾಳಿ, ಆಹಾರಗಳ ರಾಸಾಯನಿಕ ಪರೀಕ್ಷೆಯಲ್ಲಿ ಹೆಸರು ಮಾಡಿದವಳು. 1899ರಿಂದ ಲೇಕ್ ಪ್ಲ್ಯಾಸಿಡ್ ಎಂಬ ಊರಿನಲ್ಲಿ ಅವಳೂ ಅವಳ ಸಂಗಡಿಗರೂ ನಡೆಸಿದ ವಾರ್ಷಿಕ ಸಮಾವೇಶಗಳಿಂದ ಗೃಹವಿಜ್ಞಾನವೆಂಬ ಶಾಸ್ತ್ರ ರೂಪುಗೊಂಡಿತು. ರಸಾಯನಶಾಸ್ತ್ರ, ಜೀವಾಣುಶಾಸ್ತ್ರಗಳಲ್ಲಿ ಪರಿಣತಿ ಪಡೆದ ಹೆಣ್ಣುಮಕ್ಕಳಿಗೆ ಆ ಶಾಸ್ತ್ರಗಳ ವಿಭಾಗಗಳಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುವುದು ಅಪರೂಪವಾಗಿದ್ದ ಕಾಲದಲ್ಲಿ ಗೃಹವಿಜ್ಞಾನವೇ ಅವರಿಗೆ ಪ್ರಯೋಗಾಲಯವನ್ನೂ ಸಂಬಳವನ್ನೂ ಕೊಟ್ಟಿತು ಎಂಬುದನ್ನು, ಈ ಶಾಸ್ತ್ರವನ್ನು ಅಡುಗೆ ಹೊಲಿಗೆಯ ಪಾಠವೆಂದು ಹಗುರಾಗಿ ನೋಡುವವರು ಮರೆಯಬಾರದು. 1862ರ ಮಾರಿಲ್ ಕಾಯ್ದೆಯಂತೆ ಸರ್ಕಾರಿ ಭೂಮಿಯ ಹಣದಿಂದ ಕಟ್ಟಿದ ಕೃಷಿ ಕಾಲೇಜುಗಳು ಗೃಹವಿಜ್ಞಾನಕ್ಕೆ ಜಾಗ ಕೊಟ್ಟವು. 1914ರ ಸ್ಮಿತ್–ಲೀವರ್ ಕಾಯ್ದೆ ಅದನ್ನು ರೈತರ ಮನೆಗಳಿಗೆ ಒಯ್ದಿತು. 1925ರ ಪರ್ನೆಲ್ ಕಾಯ್ದೆ ಕೃಷಿ ಸಂಶೋಧನಾ ಕೇಂದ್ರಗಳ ಹಣವನ್ನು ಗೃಹವಿಜ್ಞಾನದ ಸಂಶೋಧನೆಗೂ ಬಳಸಲು ಅನುಮತಿ ನೀಡಿತು. ಮನೆಯ ಅಧ್ಯಯನ ಹೀಗೆ ಹೊಲದ ಅಧ್ಯಯನದ ಬೆನ್ನಿಗಂಟಿ ಬೆಳೆಯಿತು.

ಎರಡು ಧಾರೆಗಳು ಮೊದಲಿಗೆ ಸೇರಿದ್ದು ಅಯೋವಾ ರಾಜ್ಯದಲ್ಲಿ. ಅದು ಮುಸುಕಿನ ಜೋಳಕ್ಕೂ ಹಂದಿ ಸಾಕಣೆಗೂ ಹೆಸರಾದ ನಾಡು. ತನ್ನ ಮಕ್ಕಳಲ್ಲಿ ಕೆಲವರನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಕೋರಾ ಬಸ್ಸಿ ಹಿಲ್ಲಿಸ್ ಎಂಬ ಗೃಹಿಣಿ, ಜೋಳದ ತಳಿಯನ್ನೂ ಹಂದಿಯ ತಳಿಯನ್ನೂ ಉತ್ತಮಪಡಿಸಲು ಸರ್ಕಾರ ಸಂಶೋಧನಾ ಕೇಂದ್ರಗಳನ್ನು ನಡೆಸುವುದಾದರೆ ಮಕ್ಕಳ ಏಳಿಗೆಗೂ ಅಂಥದೊಂದು ಕೇಂದ್ರ ಏಕಿರಬಾರದು ಎಂಬ ಸರಳ ವಾದವನ್ನು ಹಿಡಿದು ವರ್ಷಗಟ್ಟಲೆ ಮಹಿಳಾ ಸಂಘಗಳನ್ನೂ ಶಾಸಕರನ್ನೂ ಸುತ್ತಿದಳು. ಅಯೋವಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳ ಡೀನ್ ಆಗಿದ್ದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್ ಅವಳ ಬೆಂಬಲಕ್ಕೆ ನಿಂತನು. 1917ರಲ್ಲಿ ರಾಜ್ಯ ಶಾಸನಸಭೆ ವರ್ಷಕ್ಕೆ 25,000 ಡಾಲರುಗಳ ಅನುದಾನವನ್ನು ಮಂಜೂರು ಮಾಡಿ ‘ಅಯೋವಾ ಶಿಶುಕಲ್ಯಾಣ ಸಂಶೋಧನಾ ಕೇಂದ್ರ’ವನ್ನು ಸ್ಥಾಪಿಸಿತು. ಸಾಮಾನ್ಯ ಮಗುವಿನ ಬೆಳವಣಿಗೆಯನ್ನೇ ವಿಷಯವಾಗಿಸಿಕೊಂಡು ಅಮೆರಿಕದಲ್ಲಿ ಹುಟ್ಟಿದ ಮೊದಲ ಸಂಶೋಧನಾ ಸಂಸ್ಥೆ ಇದೇ. ತಾಯಂದಿರ ಒತ್ತಾಯದಿಂದ, ರೈತರ ತೆರಿಗೆಯಿಂದ, ಜೋಳದ ಹೊಲದ ಮಾದರಿಯಲ್ಲಿ ಈ ಶಾಸ್ತ್ರ ತಲೆಯೆತ್ತಿತು ಎಂಬುದು ಅದರ ವಂಶಾವಳಿಯ ಅತ್ಯಂತ ಗೌರವದ ಸಂಗತಿ.

ಮೊದಲ ನಿರ್ದೇಶಕನಾದ ಬರ್ಡ್ ಬಾಲ್ಡ್ವಿನ್ ಅಳತೆಯ ಮನುಷ್ಯ. ಮಕ್ಕಳ ಎತ್ತರ, ತೂಕ, ಮಣಿಕಟ್ಟಿನ ಮೂಳೆಗಳು ಬಲಿಯುವ ಕ್ರಮ, ಬುದ್ಧಿಪರೀಕ್ಷೆಯ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಅದೇ ಮಕ್ಕಳಲ್ಲಿ ಅಳೆಯುವ ಪದ್ಧತಿಯನ್ನು, ಎಂದರೆ ದೀರ್ಘಕಾಲೀನ ಅಧ್ಯಯನವನ್ನು, ಅವನು ಅಲ್ಲಿ ನೆಲೆಗೊಳಿಸಿದನು. 1920ರ ದಶಕದಲ್ಲಿ ಲಾರಾ ಸ್ಪೆಲ್‌ಮನ್ ರಾಕ್‌ಫೆಲರ್ ಸ್ಮಾರಕ ನಿಧಿಯ ಅಧಿಕಾರಿ ಲಾರೆನ್ಸ್ ಫ್ರ್ಯಾಂಕ್ ಈ ಕೇಂದ್ರಕ್ಕೆ ಧನಸಹಾಯ ನೀಡಿದ್ದಲ್ಲದೆ, ಮಿನ್ನೆಸೋಟ (1925), ಬರ್ಕ್ಲಿ (1927) ಮೊದಲಾದೆಡೆ ಹೊಸ ಸಂಸ್ಥೆಗಳು ಏಳಲು ಕಾರಣನಾದನು. ಡಾಕ್ಟರೇಟ್ ಮಾಡುವವರಿಗೆ ವಿದ್ಯಾರ್ಥಿವೇತನಗಳೂ ದೊರೆತವು. 1933ರಲ್ಲಿ ಶಿಶುವಿಕಾಸ ಸಂಶೋಧನೆಯ ಸೊಸೈಟಿ ಸ್ಥಾಪನೆಯಾದಾಗ ಅಂಗರಚನಾಶಾಸ್ತ್ರ, ಪೋಷಣಶಾಸ್ತ್ರ, ಮನಶ್ಶಾಸ್ತ್ರ, ಶಿಶುವೈದ್ಯ, ಗೃಹವಿಜ್ಞಾನಗಳಿಂದ ಬಂದವರು ಒಂದೇ ಸಂಘದ ಸದಸ್ಯರಾಗಿದ್ದರು. ಅಯೋವಾದಲ್ಲಿ 1926ರಲ್ಲಿ ಡಾಕ್ಟರೇಟ್ ಪಡೆದವರಲ್ಲಿ ನ್ಯಾನ್ಸಿ ಬೇಲಿ ಎಂಬ ತರುಣಿಯೂ ಒಬ್ಬಳು. ಅವಳ ಕೆಲಸ ಮುಂದೆ ಬರೋಡೆಯವರೆಗೂ ಬಂತು.

ಅದೇ ಕಾಲದಲ್ಲಿ ಗೃಹವಿಜ್ಞಾನದ ಕಾಲೇಜುಗಳು ಮಗುವನ್ನು ತಂದದ್ದು ಇನ್ನೊಂದು ಬಗೆಯಲ್ಲಿ, ಆ ಬಗೆ ಇಂದಿನ ಓದುಗನನ್ನು ಕಳವಳಗೊಳಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗೃಹನಿರ್ವಹಣೆಯ ಪಾಠಕ್ಕೆಂದು ‘ಅಭ್ಯಾಸದ ಮನೆ’ಗಳಿದ್ದವು, ವಿದ್ಯಾರ್ಥಿನಿಯರು ಸರದಿಯಂತೆ ಅಲ್ಲಿ ವಾಸಿಸಿ ಅಡುಗೆ, ಲೆಕ್ಕಪತ್ರ, ಶುಚಿತ್ವಗಳನ್ನು ಕಲಿಯುತ್ತಿದ್ದರು. ಸುಮಾರು 1920ರಿಂದ ಈ ಮನೆಗಳಿಗೆ ಅನಾಥಾಲಯಗಳಿಂದ ಹಸುಗೂಸುಗಳನ್ನೂ ತರಲಾಯಿತು. ಮೊದಲ ಕೂಸಿಗೆ ಡಿಕಿ ಎಂದು ಹೆಸರಿಟ್ಟು, ಗೃಹಶಾಸ್ತ್ರವೆಂಬುದರ ಇಂಗ್ಲಿಷ್ ಪದಗಳನ್ನು ಮೊಟಕುಗೊಳಿಸಿ ‘ಡೊಮೆಕಾನ್’ ಎಂಬ ಮನೆತನದ ಹೆಸರನ್ನೂ ಕೊಟ್ಟರು. ಆಮೇಲೆ ಬಂದ ಕೂಸುಗಳಿಗೂ ಅದೇ ಮನೆತನದ ಹೆಸರು. ಹಾಲು ಕುಡಿಸುವ ಹೊತ್ತು, ನಿದ್ದೆ, ಸ್ನಾನ, ತೂಕ ಎಲ್ಲವೂ ಗಡಿಯಾರದ ಪ್ರಕಾರ ನಡೆದು ದಾಖಲಾಗುತ್ತಿದ್ದವು. ಕೂಸುಗಳು ದುಂಡಗೆ ಬೆಳೆದವು, ಅವನ್ನು ದತ್ತು ಪಡೆಯಲು ಜನ ಮುಂದೆ ಬಂದರು. ಆದರೆ ತಾಯಿಯ ಪಾತ್ರ ವಹಿಸಿದವಳು ಸರದಿ ಮುಗಿದೊಡನೆ ಬದಲಾಗುತ್ತಿದ್ದಳು. ಕ್ರಮಬದ್ಧತೆಯೇ ಮಗುವಿಗೆ ಮುಖ್ಯ, ಒಬ್ಬರೊಡನೆ ಬೆಸೆಯುವ ಅನುಬಂಧ ಅಷ್ಟೇನೂ ಮುಖ್ಯವಲ್ಲ ಎಂದು ಅಂದಿನ ವಿಜ್ಞಾನ ನಂಬಿತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ 1951ರಲ್ಲಿ ಬರೆದ ವರದಿಯು, ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ಸ್ಥಿರ ಸಂಬಂಧವಿಲ್ಲದ ಮಗುವಿಗೆ ಆಗುವ ಹಾನಿಯನ್ನು ಎತ್ತಿ ತೋರಿಸಿದ ಕೆಲವೇ ವರ್ಷಗಳಲ್ಲಿ, 1954ರಲ್ಲಿ, ಕಾರ್ನೆಲ್ ಈ ಪದ್ಧತಿಯನ್ನು ಕೈಬಿಟ್ಟಿತು.

ಶಾಸ್ತ್ರದ ದಿಕ್ಕನ್ನೇ ತಿರುಗಿಸಬಹುದಾಗಿದ್ದ ಸಂಶೋಧನೆ ಮಾತ್ರ 1930ರ ದಶಕದ ಅಯೋವಾದಲ್ಲಿ ಅನಿರೀಕ್ಷಿತವಾಗಿ ಒದಗಿತು. ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞ ರಾಜ್ಯದ ಅನಾಥಾಲಯದ ಮಕ್ಕಳನ್ನು ಪರೀಕ್ಷಿಸುತ್ತಿದ್ದನು. ಡ್ಯಾವೆನ್‌ಪೋರ್ಟ್‌ನ ಆ ಅನಾಥಾಲಯ ಕಿಕ್ಕಿರಿದಿತ್ತು. ಕೂಸುಗಳನ್ನು ಸುತ್ತಲೂ ಬಟ್ಟೆ ಕಟ್ಟಿದ ತೊಟ್ಟಿಲುಗಳಲ್ಲಿ ಮಲಗಿಸಿರುತ್ತಿದ್ದರು, ದಾದಿಯರು ಹಾಲು ಕೊಡಲು, ಬಟ್ಟೆ ಬದಲಿಸಲು ಬಂದಾಗಲಷ್ಟೇ ಅವು ಮನುಷ್ಯರ ಮುಖ ಕಾಣುತ್ತಿದ್ದವು. ಅಲ್ಲಿದ್ದ 13 ಮತ್ತು 16 ತಿಂಗಳ ಇಬ್ಬರು ಹೆಣ್ಣುಕೂಸುಗಳ ಬುದ್ಧಿಲಬ್ಧ 46 ಮತ್ತು 35 ಎಂದು ಬಂತು. ಮಗುವಿನ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ದೊರೆಯುವ ಸಂಖ್ಯೆಯೇ ಬುದ್ಧಿಲಬ್ಧ. ನೂರರ ಆಸುಪಾಸು ಸಾಮಾನ್ಯ ಮಟ್ಟ. ಈ ಕೂಸುಗಳಿಗೆ ಭವಿಷ್ಯವಿಲ್ಲವೆಂದು ಬಗೆದು, ಬುದ್ಧಿಮಾಂದ್ಯವಿದ್ದ ಮಹಿಳೆಯರ ಸಂಸ್ಥೆಗೆ ಸಾಗಿಸಲಾಯಿತು. ಆರು ತಿಂಗಳ ಮೇಲೆ ಅಲ್ಲಿಗೆ ಹೋದ ಸ್ಕೀಲ್ಸ್, ನಗುತ್ತ ಓಡಾಡುತ್ತಿದ್ದ ಎರಡು ಮಕ್ಕಳನ್ನು ಕಂಡು ತನ್ನ ಕಣ್ಣನ್ನೇ ನಂಬದೆ ಮತ್ತೆ ಪರೀಕ್ಷಿಸಿದಾಗ ಅವರ ಬುದ್ಧಿಲಬ್ಧ 77 ಮತ್ತು 87ಕ್ಕೆ ಏರಿತ್ತು. ಔಷಧವೂ ಪಾಠವೂ ಕಾರಣವಾಗಿರಲಿಲ್ಲ. ಆ ವಾರ್ಡಿನ ಮಹಿಳೆಯರು ಈ ಕೂಸುಗಳನ್ನು ತಮ್ಮವೆಂದು ಹಚ್ಚಿಕೊಂಡು ಎತ್ತಿ ಆಡಿಸಿದ್ದರು, ಮಾತನಾಡಿಸಿದ್ದರು. ದಾದಿಯರು ಹೊರಗೆ ಹೋಗುವಾಗ ಅವನ್ನೂ ಕರೆದೊಯ್ಯುತ್ತಿದ್ದರು.

ಸ್ಕೀಲ್ಸ್ ಇದನ್ನು ಪ್ರಯೋಗವಾಗಿ ಮುಂದುವರಿಸಿ, 13 ಮಕ್ಕಳನ್ನು ಹಾಗೆಯೇ ಕಳುಹಿಸಿ, ಅನಾಥಾಲಯದಲ್ಲೇ ಉಳಿದ 12 ಮಕ್ಕಳೊಡನೆ ಹೋಲಿಸಿ, 1939ರಲ್ಲಿ ಸಹೋದ್ಯೋಗಿ ಹೆರಾಲ್ಡ್ ಡೈ ಜೊತೆ ಫಲಿತಾಂಶ ಪ್ರಕಟಿಸಿದನು. ಮೊದಲ ಗುಂಪಿನ ಬುದ್ಧಿಲಬ್ಧ ಸರಾಸರಿ 27.5 ಅಂಶ ಏರಿತ್ತು, ಎರಡನೆಯದರದು 26.2 ಅಂಶ ಇಳಿದಿತ್ತು. ಬುದ್ಧಿ ಹುಟ್ಟಿನಿಂದಲೇ ನಿಶ್ಚಿತವೆಂದು ನಂಬಿದ್ದ ಸ್ಟ್ಯಾನ್‌ಫರ್ಡಿನ ಟರ್ಮನ್, ಮಿನ್ನೆಸೋಟದ ಫ್ಲಾರೆನ್ಸ್ ಗುಡಿನಫ್ ಮೊದಲಾದವರು ಅಯೋವಾದವರ ಮೇಲೆ ಹರಿಹಾಯ್ದರು. ಗುಂಪುಗಳು ಚಿಕ್ಕವು, ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಎಳೆಯ ಮಕ್ಕಳ ಪರೀಕ್ಷೆ ನೆಚ್ಚಲು ಬಾರದು ಎಂಬ ಆಕ್ಷೇಪಗಳಲ್ಲಿ ಹುರುಳಿತ್ತು. ಆದರೆ ಆ ಆಕ್ಷೇಪಗಳ ತೀವ್ರತೆಯ ಹಿಂದೆ ಇದ್ದದ್ದು ಬರಿಯ ಸಂಖ್ಯಾಶಾಸ್ತ್ರದ ಕಾಳಜಿಯಷ್ಟೇ ಎನ್ನಲಾಗದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಸ್ಕೀಲ್ಸ್ ಆ ಮಕ್ಕಳನ್ನೆಲ್ಲ ಮತ್ತೆ ಹುಡುಕಿಕೊಂಡು ಹೋದನು. 1966ರಲ್ಲಿ ಅವನು ಪ್ರಕಟಿಸಿದಂತೆ, 13 ಮಂದಿಯಲ್ಲಿ 11 ಮಂದಿ ದತ್ತು ಹೋಗಿದ್ದರು; ಎಲ್ಲರೂ ಸ್ವಂತ ಕಾಲಿನ ಮೇಲೆ ನಿಂತಿದ್ದು, ಅವರ ಓದಿನ ಮಧ್ಯಮ ಮಟ್ಟ ಹನ್ನೆರಡನೆಯ ತರಗತಿಯಾಗಿತ್ತು. ಇನ್ನೊಂದು ಗುಂಪಿನದು ಮೂರನೆಯ ತರಗತಿಯನ್ನೂ ಮುಟ್ಟಿರಲಿಲ್ಲ; ಅವರಲ್ಲಿ ಕೆಲವರು ಆಗಲೂ ಸಂಸ್ಥೆಗಳ ಗೋಡೆಗಳೊಳಗೇ ಇದ್ದರು. ಅಳತೆಯ ಪಟ್ಟಿ ಒಂದೇ ಆಗಿದ್ದರೂ ಎತ್ತಿಕೊಳ್ಳುವ ಕೈ ಇದ್ದ ಕಡೆಗೂ ಇಲ್ಲದ ಕಡೆಗೂ ಇದ್ದ ಅಂತರವನ್ನು ಇದಕ್ಕಿಂತ ನಿಷ್ಠುರವಾಗಿ ತೋರಿಸಿದ ದಾಖಲೆ ಈ ಶಾಸ್ತ್ರದಲ್ಲಿ ವಿರಳ.

ಮುಂದೆ ಈ ಅರಿವಿಗೆ ಸಿದ್ಧಾಂತದ ರೂಪವನ್ನು ಕೊಟ್ಟವನು ಕಾರ್ನೆಲ್ಲಿನ ಯೂರಿ ಬ್ರಾನ್ಫೆನ್‌ಬ್ರೆನರ್. ಮಗುವಿನ ಬೆಳವಣಿಗೆಯನ್ನು ಕುಟುಂಬ, ಶಾಲೆ, ನೆರೆಹೊರೆ, ತಾಯ್ತಂದೆಯರ ಉದ್ಯೋಗ, ದೇಶದ ಧೋರಣೆ ಎಂಬ ಒಂದರೊಳಗೊಂದು ಸೇರಿಕೊಂಡ ವಲಯಗಳಲ್ಲಿಟ್ಟು ನೋಡಬೇಕೆಂದು ವಾದಿಸಿದ ಅವನು, ಬಡ ಮಕ್ಕಳಿಗಾಗಿ 1965ರಲ್ಲಿ ಅಮೆರಿಕ ಸರ್ಕಾರ ಆರಂಭಿಸಿದ ‘ಹೆಡ್ ಸ್ಟಾರ್ಟ್’ ಯೋಜನೆಯ ರೂಪಣೆಯಲ್ಲೂ ಪಾಲುಗೊಂಡನು. ಶಿಶುವಿಕಾಸದ ವಿಭಾಗಗಳ ಹೆಸರಿಗೆ ‘ಕುಟುಂಬ ಅಧ್ಯಯನ’ ಸೇರಿಕೊಂಡದ್ದರ ಹಿನ್ನೆಲೆಯಲ್ಲಿ ಇಂಥ ಚಿಂತನೆಯಿದೆ.

ಕನ್ನಡ ನಾಡಿನ ಮಕ್ಕಳು ಈ ಚರಿತ್ರೆಯೊಳಗೆ ಬಂದದ್ದು ಅಯೋವಾದ ವಿವಾದ ಹೊತ್ತಿಕೊಳ್ಳುವುದಕ್ಕೂ ಮುಂಚೆ, ಅದೂ ಟರ್ಮನ್‌ನ ಪರೀಕ್ಷೆಯ ಮೂಲಕವೇ. ಪ್ಯಾರಿಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರಚಿಸಿದ ಬುದ್ಧಿಪರೀಕ್ಷೆಯನ್ನು ಟರ್ಮನ್ 1916ರಲ್ಲಿ ಅಮೆರಿಕಕ್ಕೆ ಒಗ್ಗಿಸಿದ್ದನು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಕಡೆಯ ಮಕ್ಕಳ ಮೇಲೆ ಡಾ. ವಿ. ವಿ. ಕಾಮತರು ಅದನ್ನು ಪ್ರಯೋಗಿಸಿ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ವಿವರ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಗಿಯೂ ಬಂತು. ಅವರು ಪರೀಕ್ಷಿಸಿದ ಮಕ್ಕಳ ಸಂಖ್ಯೆ 1,074. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲೂ ವಿಶೇಷ ಶಾಲೆಗಳಲ್ಲೂ ಬೌದ್ಧಿಕ ಅಸಾಮರ್ಥ್ಯವನ್ನು ನಿರ್ಧರಿಸಲು ಇಂದಿಗೂ ಬಳಕೆಯಲ್ಲಿದೆ. ಹೊರಗಿನ ಅಳತೆಗೋಲನ್ನು ಇದ್ದಂತೆಯೇ ತಂದು ಇಲ್ಲಿಯ ಮಗುವಿಗೆ ಹಿಡಿಯಬಾರದೆಂಬ ಎಚ್ಚರ ಅಷ್ಟು ಹಿಂದೆಯೇ ಕನ್ನಡದ ನೆಲದಲ್ಲಿ ಮೂಡಿದ್ದು ಹೆಮ್ಮೆಯ ಮಾತು.

ಗೃಹವಿಜ್ಞಾನದ ಧಾರೆ ಭಾರತಕ್ಕೆ ಬಂದದ್ದು ಮಹಿಳಾ ಚಳವಳಿಯ ಮೂಲಕ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರಾಗಿದ್ದ ಅಖಿಲ ಭಾರತ ಮಹಿಳಾ ಸಮ್ಮೇಳನದ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ಅತ್ತ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ತೆರೆದ ಬಾಲಮಂದಿರ, ಅವರ ಸಂಗಾತಿಯಾಗಿ ಕೆಲಸ ಮಾಡಿದ ತಾರಾಬಾಯಿ ಮೋಡಕರು ಬೋರ್ಡಿಯ ಸುತ್ತ ನಡೆಸಿದ ಬಾಲವಾಡಿಗಳು ಶಾಲೆಗೆ ಹೋಗುವ ಮುನ್ನಿನ ಮಕ್ಕಳ ಬಗೆಗೆ ದೇಶದ ಕಣ್ಣು ತೆರೆಸಿದ್ದವು. 1949ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿಯಾದ ಹಂಸಾ ಮೆಹತಾ, ಗೃಹವಿಜ್ಞಾನಕ್ಕೆ ಪ್ರತ್ಯೇಕ ನಿಕಾಯವನ್ನೇ ಕಟ್ಟಿಸಿದರು. ಅಲ್ಲಿಯ ಶಿಶುವಿಕಾಸ ವಿಭಾಗ ಮಕ್ಕಳ ಅಧ್ಯಯನಕ್ಕೆ ದೇಶದ ಮುಂಚೂಣಿಯ ಸ್ನಾತಕೋತ್ತರ ಕೇಂದ್ರವಾಯಿತು.

ಅಯೋವಾದಲ್ಲಿ ಓದಿದ ನ್ಯಾನ್ಸಿ ಬೇಲಿಯ ಕೆಲಸ ಇಲ್ಲಿಗೆ ಬಂದು ಸೇರುತ್ತದೆ. ಬರ್ಕ್ಲಿಯಲ್ಲಿ 1928ರಿಂದ ಒಂದೇ ಗುಂಪಿನ ಮಕ್ಕಳನ್ನು ವರ್ಷಾನುವರ್ಷ ಗಮನಿಸಿ ಅವಳು ರೂಪಿಸಿದ ಶಿಶು ಬೆಳವಣಿಗೆಯ ಮಾಪಕಗಳನ್ನು ಬರೋಡೆಯ ಪ್ರಮಿಳಾ ಫಾಟಕ್ ಭಾರತೀಯ ಕೂಸುಗಳ ಮೇಲೆ ಪ್ರಯೋಗಿಸಿ, 1970ರಲ್ಲಿ ಭಾರತದ್ದೇ ಆದ ಮಾನಗಳನ್ನು, ಎಂದರೆ ಯಾವ ತಿಂಗಳಿನಲ್ಲಿ ಎಷ್ಟು ಕೂಸುಗಳು ಯಾವ ಕೆಲಸ ಮಾಡಬಲ್ಲವೆಂಬ ಪಟ್ಟಿಯನ್ನು, ಸಿದ್ಧಪಡಿಸಿದರು. 1997ರಲ್ಲಿ ಅದು ಪರಿಷ್ಕಾರಗೊಂಡಿತು. ಹುಟ್ಟಿನಿಂದ 30 ತಿಂಗಳವರೆಗಿನ ಮಕ್ಕಳಿಗಾಗಿ ಇರುವ ಈ ಮಾಪಕದಲ್ಲಿ ಚಲನೆಗೆ ಸಂಬಂಧಿಸಿದ 67, ಮಾನಸಿಕ ಬೆಳವಣಿಗೆಗೆ ಸಂಬಂಧಿಸಿದ 163 ಅಂಶಗಳಿವೆ. ಪರೀಕ್ಷಕಿ ತಾಯಿಯ ಮಡಿಲಲ್ಲಿ ಕುಳಿತ ಕೂಸಿನ ಮುಂದೆ ದಾರಕ್ಕೆ ಕಟ್ಟಿದ ಕೆಂಪು ಬಳೆಯನ್ನು ಆಡಿಸುತ್ತಾಳೆ, ಕಿವಿಯ ಹತ್ತಿರ ಗಂಟೆ ಬಾರಿಸುತ್ತಾಳೆ, ಮರದ ಪುಟ್ಟ ಚೌಕಗಳನ್ನು ಒಂದೊಂದಾಗಿ ಇಡುತ್ತಾಳೆ. ಕಣ್ಣು ಬಳೆಯನ್ನು ಹಿಂಬಾಲಿಸಿತೇ, ಕತ್ತು ಗಂಟೆಯ ಕಡೆಗೆ ತಿರುಗಿತೇ, ಎರಡನೆಯ ಚೌಕವನ್ನು ಹಿಡಿಯಲು ಮೊದಲನೆಯದನ್ನು ಕೈಬಿಟ್ಟಿತೇ ಎಂದು ಗುರುತು ಹಾಕುತ್ತಾಳೆ. ತಾಯಿಯ ಮಡಿಲೇ ಇಲ್ಲಿ ಪರೀಕ್ಷೆಯ ಮೇಜು. ಅವಧಿಗೆ ಮುನ್ನ ಹುಟ್ಟಿದ, ಕಡಿಮೆ ತೂಕದ ಕೂಸುಗಳ ಬೆಳವಣಿಗೆಯನ್ನು ನೋಡುವ ಶಿಶುವೈದ್ಯರ ಕೈಯಲ್ಲಿ ಈ ಮಾಪಕ ಈಗಲೂ ದುಡಿಯುತ್ತಿದೆ.

ಕರ್ನಾಟಕದಲ್ಲಿ ಈ ಓದು ನೆಲೆಯೂರಿದ್ದು, ಅಮೆರಿಕದಲ್ಲಿ ಆದಂತೆಯೇ, ಕೃಷಿಯ ಬೆನ್ನಿಗಂಟಿ. 1964ರಲ್ಲಿ ಮಾರಿಲ್ ಕಾಯ್ದೆಯ ಅಮೆರಿಕದ ಕೃಷಿ ಕಾಲೇಜುಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. 1970ರ ದಶಕದಲ್ಲಿ ಅದರ ಅಡಿಯಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ತೆರೆಯಿತು. 1986ರಲ್ಲಿ ಧಾರವಾಡಕ್ಕೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವಾದಾಗ ಕಾಲೇಜು ಅದಕ್ಕೆ ಸೇರಿತು. ಬೆಂಗಳೂರಿನ ವಿ.ಎಚ್.ಡಿ. ಗೃಹವಿಜ್ಞಾನ ಸಂಸ್ಥೆಯೂ ತನ್ನ ಪಾಲಿನ ಕೆಲಸ ಮಾಡಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಪ್ರಯೋಗ ನಡೆದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂಗನವಾಡಿಗೆ ಬರುವ ಮಗುವಿನ ತೂಕ, ಲಸಿಕೆ, ಆಟ, ಮಾತು ಮತ್ತು ಅದರ ತಾಯಿಯ ಆರೋಗ್ಯ ಎಲ್ಲವನ್ನೂ ಒಂದೇ ಯೋಜನೆಯಡಿ ತಂದದ್ದರಲ್ಲಿ ಅರ್ಧ ಶತಮಾನದ ಸಂಶೋಧನೆಯ ಫಲವಿತ್ತು, ಮತ್ತು ಮೇಲ್ವಿಚಾರಕಿಯರಾಗಿ, ತರಬೇತುದಾರರಾಗಿ ಆ ಫಲವನ್ನು ಹಳ್ಳಿಗೆ ತಲುಪಿಸಿದವರಲ್ಲಿ ಗೃಹವಿಜ್ಞಾನ ಓದಿದ ಹೆಣ್ಣುಮಕ್ಕಳ ಪಾಲು ದೊಡ್ಡದು.

ಇತ್ತೀಚೆಗೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಗೃಹವಿಜ್ಞಾನಕ್ಕೆ ಸಮುದಾಯ ವಿಜ್ಞಾನವೆಂದು ಹೆಸರಾಗಿದೆ. ಹೆಸರಿಗಿಂತ ಮುಖ್ಯವಾದ ಕೆಲಸವೊಂದು ಬಾಕಿಯಿದೆ. ಧಾರವಾಡದ ಕಡೆಯ ಮಕ್ಕಳ ಮೇಲೆ ಕಾಮತರು ಮಾನಗಳನ್ನು ಕಟ್ಟಿದಾಗ ಆ ಮಕ್ಕಳು ಬೆಳೆದ ಮನೆಗಳಿಗೂ, ಇಂದು ಕಲಬುರಗಿ, ಮಂಡ್ಯ, ಕಾರವಾರಗಳಲ್ಲಿ ಮಕ್ಕಳು ಬೆಳೆಯುತ್ತಿರುವ ಮನೆಗಳಿಗೂ ಓದು, ಆಹಾರ, ಕುಟುಂಬದ ಗಾತ್ರ, ತಾಯಿಯ ದುಡಿಮೆ ಯಾವುದರಲ್ಲೂ ಸಾಮ್ಯವಿಲ್ಲ. ಆದರೂ ಆ ಹಳೆಯ ಪರೀಕ್ಷೆಯ ಒಂದು ಸಂಖ್ಯೆಯಿಂದ ಮಗುವಿನ ಪ್ರಮಾಣಪತ್ರ, ಶಾಲೆ, ಸವಲತ್ತುಗಳು ನಿರ್ಧಾರವಾಗುವುದುಂಟು. ಧಾರವಾಡದ, ಬೆಂಗಳೂರಿನ, ಮೈಸೂರಿನ ಸ್ನಾತಕೋತ್ತರ ವಿಭಾಗಗಳು ಕೂಡಿ, ಕನ್ನಡ ಮಾತನಾಡುವ ಇಂದಿನ ಮಕ್ಕಳನ್ನು ಅವರವರ ಮನೆಯ ವಿವರಗಳ ಸಮೇತ ಅಧ್ಯಯನ ಮಾಡಿ ಆ ಮಾನಗಳನ್ನು ಹೊಸದಾಗಿ ಕಟ್ಟಬೇಕು, ಸರ್ಕಾರ ಅದಕ್ಕೆ ಬೇಕಾದ ಹಣವನ್ನು ಕೊಡಬೇಕು.